ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಸವಾರಿ

ನಮ್ಮ ಬಸವನಗುಡಿ ಮನೆಯ ವರಾಂಡದಲ್ಲಿ ಸ್ಟ್ಯಾಂಡ್ ಹಾಕಿದ್ದ ಸೈಕಲ್ಲು ಲಾಲ್‌ಬಾಗ್ ತಲುಪಿತು ಅಂದರೆ ಏನಾಗಿರಬಹುದು, ಊಹಿಸಿ ನೋಡೋಣ? ಚಳಿಗೆ ಉಬ್ಬಸ ಏಳುತ್ತದೆಂದು ಡಾಕ್ಟರು ನನ್ನ ಬೀದಿ ಸವಾರಿ ನಿಲ್ಲಿಸಿದ್ದರು. ಕಾಲಿನ ಕಸುವು ಹೋಗಬಾರದೆಂದು ದಿನಾ ಬೆಳಿಗ್ಗೆ ವರಾಂಡದಲ್ಲೇ ಪೆಡಲ್ ತುಳಿಯುತ್ತಿದ್ದೆ. ಒಂದು ದಿನ ಮಫ್ಲರ್ ಸುತ್ತಿದ್ದ ಅಪರಿಚಿತ ಹಿರಿಯರೊಬ್ಬರು ಕೋಲೂರಿಕೊಂಡು ಬಂದು ಗೇಟಿನ ಬಳಿ ನಿಂತರು.

“ಏನ್ ಸಾರ್, ಇನ್ನೂ ಮನೇನೇ ಬಿಟ್ಟಿಲ್ವಲ್ಲ?”

“ಸಂಕ್ರಾಂತಿ ಕಳೀಲಿ, ಹೊರಡ್ತೀನಿ,” ಎಂದೆ.

ಅವರು ನಗಲಿಲ್ಲ. “ಲಕ್ವ ಹೊಡೆದ ಮೇಲೆ ಮನೇಲಿ ನನ್ನ ಸೈಕಲ್ ಮಾರ್ಬಿಟ್ರು. ಬಿದ್ದೋಗ್ತೀನಂತೆ. ಇದು ಬೀಳಲ್ವಲ್ಲ, ಒಂದ್ಸಲ ಕೂತ್ಕೋಬಹುದಾ?”

ಹಿಡಿದು ಕೂರಿಸಿದೆ. ಕಣ್ಣು ಮುಚ್ಚಿಕೊಂಡು ಮೆಲ್ಲಗೆ ತುಳಿದರು. ಹಿಂದಿನ ಚಕ್ರ ತಿರುಗಿತು.

“ಲಾಲ್‌ಬಾಗ್ ಗೇಟು ಬಂತು. ಇಳಿಸಿ ಸಾರ್.”

ಚಳಿಗಾಲವೆಲ್ಲ ತುಳಿದ ನಾನು ವರಾಂಡ ದಾಟಿರಲಿಲ್ಲ. ಅವರು ಕೂತಲ್ಲೇ ಲಾಲ್‌ಬಾಗಿಗೆ ಹೋಗಿಯೇ ಬಂದರು, ಅದೂ ಸಂಕ್ರಾಂತಿಯ ಹಿಂದಿನ ದಿನ, ಆ ಭೋಗಿಯ ಬೆಳಿಗ್ಗೆಯೇ.