ತೇಜುವಿನಿಂದ ಕಲಬುರಗಿಗೆ ಮೂರು ತಾಸು

ಅಥವಾ ಅಣ್ಣನ ಫೋನು ಬಂದದ್ದು ಅಬ್ಬಾಗೆ ಕೊನೆಯ ಸ್ನಾನ ಮಾಡಿಸುವ ಮೊದಲೇ ಇರಬಹುದೇ? ನೆನಪಿರುವುದು ನಿಂಬರ್ಗಾದ ನಮ್ಮ ಅಂಗಳ, ಸ್ಪೀಕರಿಗೆ ಹಾಕಿದ ಫೋನು, ಅಮ್ಮಿಯ ಒದ್ದೆ ಕೈ. ಕೈ ನಿಜಕ್ಕೂ ಒದ್ದೆಯಿತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ. ಅಣ್ಣ ಮಾತಾಡಿದ್ದಂತೂ ಉರ್ದುವಿನಲ್ಲಿ. ನನ್ನ ತಲೆ ಅದನ್ನು ಕನ್ನಡದಲ್ಲಿ ಇಟ್ಟುಕೊಂಡಿದೆ:

"ವಿಮಾನದಾಗ ಬಂದ್ರೂ ಎರಡು ದಿನ ಆಗ್ತದ ಅಮ್ಮಿ. ನನ್ನ ಸಲುವಾಗಿ ಕಾಯಬ್ಯಾಡ್ರಿ. ಮಣ್ಣು ಕೊಟ್ಟುಬಿಡ್ರಿ."

ಅವನಿದ್ದದ್ದು ಅರುಣಾಚಲದ ತೇಜುವಿನಲ್ಲಿ, ರಸ್ತೆ ಕೆಲಸದ ಜೆಸಿಬಿ ಮೇಲೆ. ಅಮ್ಮಿ ಹಟ ಹಿಡಿದದ್ದಕ್ಕೆ ಹಿರಿಯರು ಮರುದಿನ ಮುಂಜಾನೆಯವರೆಗೆ ಕಾಯಲು ಒಪ್ಪಿದ್ದರು. ಐಸ್ ತರಲು ಒಬ್ಬರು ಆಳಂದಕ್ಕೆ ಹೊರಟೂ ಬಿಟ್ಟಿದ್ದರು. ಅಣ್ಣನ ಮಾತು ಕೇಳಿ ಅವರನ್ನು ಹೊಳ್ಳಿ ಕರೆಸಿದರು. ಸಂಜೆಯ ಅಸರ್ ನಮಾಜು ಮುಗಿದ ಮೇಲೆ ದಫನ್. ಗೋರಿಯೊಳಗೆ ನಿಂತು ಅಬ್ಬಾನನ್ನು ಇಳಿಸಿಕೊಳ್ಳಲು ಹಿರಿಮಗನ ಬದಲು ನಾನು ಇಳಿದೆ.

ಕೆಲವು ತಿಂಗಳ ನಂತರ ಚೌಡಾಪುರದಲ್ಲಿ ಅಫಜಲಪುರದ ಬಸ್ಸಿಗೆ ಕಾಯುತ್ತಾ ಫೋನಿನಲ್ಲಿ ತೇಜು, ಕಲಬುರಗಿ ಎರಡೂ ವಿಮಾನ ನಿಲ್ದಾಣಗಳ ಹೆಸರು ಒತ್ತಿದೆ. ಯಾಕೆ ಒತ್ತಿದೆನೋ. ಪರದೆಯ ಮೇಲೆ ಒಂದು ಬಾಗಿದ ಗೆರೆ, ಕೆಳಗೆ ಪ್ರಯಾಣದ ಸಮಯ: ಮೂರು ಗಂಟೆ ಚಿಲ್ಲರೆ. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಬಕ್ರೀದಿಗೆ ಅಣ್ಣ ಬಂದ. ಮನೆಯಲ್ಲಿ ನಾವು ಆಡುವುದು ಉರ್ದು, ಜಗಳಕ್ಕೆ ಮಾತ್ರ ಕನ್ನಡ. ಫೋನು ತೋರಿಸಿದೆ.

"ಮೂರು ತಾಸಂತ."

ನಕ್ಕ. "ಅದು ಹದ್ದಿನ ಲೆಕ್ಕ ಲೇ. ತೇಜುದಿಂದ ಸೀದಾ ಇಲ್ಲಿಗಿ ಯಾವ ವಿಮಾನ ಅದ, ತೋರ್ಸು."

ಅದು ನಿಜ. ಆ ಪುಟ ಯಾವ ಎರಡು ಊರು ಕೊಟ್ಟರೂ ಗೆರೆ ಎಳೆದು ಸಮಯ ಹೇಳುತ್ತದೆ, ನಡುವೆ ವಿಮಾನ ಹಾರಲಿ ಬಿಡಲಿ.

"ಸೀದಾ ಇಲ್ಲ, ಗೊತ್ತದ. ನೀ ಅಲ್ಲಿ ಇಲ್ಲಿ ಇಳಿದು ಹತ್ತಿ ಮರುದಿನ ಮುಂಜಾನಿ ಮುಟ್ತಿದ್ದೇನೋ. ಅವತ್ತು ವಿಮಾನದ್ದು ಯಾರಿಗರೆ ಕೇಳಿದ್ದೇನು?"

"ಈಗ್ಯಾಕ ಕೆದಕಾಕತ್ತಿ?"

"ಕೇಳಿದ್ದೇನು?"

ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡ. ಕುಡಿಯಲಿಲ್ಲ.

"ಬಂದಿದ್ರ ಅಬ್ಬಾ ಎದ್ದು ಕುಂದರ್ತಿದ್ನೇನು?"

ಅಂದರೆ ಅವನು ಯಾರಿಗೂ ಕೇಳಿರಲಿಲ್ಲ. ಒಂದು ಟಿಕೆಟನ್ನೂ ನೋಡಿರಲಿಲ್ಲ. ಆ ಎರಡು ದಿನಗಳನ್ನು ಫೋನು ಹಿಡಿದಲ್ಲೇ ಹುಟ್ಟಿಸಿದ್ದ. ಅವನ್ನು ನಂಬಿ ನಾವು ಅಬ್ಬಾನನ್ನು ಅವಸರದಲ್ಲಿ ಹೊತ್ತೊಯ್ದಿದ್ದೆವು.

ಒಳಗೆ ಅಮ್ಮಿ, ಜೇವರ್ಗಿಯಿಂದ ಬಂದಿದ್ದ ನೆರೆಮನೆಯ ಬೀಗತಿಗೆ ಹೇಳುತ್ತಿದ್ದಳು: "ಎಷ್ಟು ದೂರ ಇರ್ತಾನ ನೋಡ್ರಿ ನನ್ನ ಮಗ. ವಿಮಾನಕ್ಕೂ ಎರಡು ದಿನ ಬೇಕು."

"ಹೌದ್ರಿ," ಎಂದ ಅಣ್ಣ, ನನ್ನ ಕಡೆ ನೋಡದೆ.

ಅವತ್ತು ಅಲ್ಲಿಂದ ವಿಮಾನ ಹಾರಿತ್ತೋ, ಮೋಡ ಕವಿದಿತ್ತೋ, ಹೊರಟಿದ್ದರೆ ಮುಂಜಾನೆಯೊಳಗೆ ಮುಟ್ಟುತ್ತಿದ್ದನೋ, ನನಗೆ ಗೊತ್ತಿಲ್ಲ. ಅವನಿಗೆ ಬರುವ ಮನಸ್ಸು ಯಾಕಾಗಲಿಲ್ಲ ಎಂಬುದೂ ಗೊತ್ತಿಲ್ಲ.