ನೀರಿಳಿಯದ ಡಬ್ಬಿ

ನಮ್ಮ ಮನೆಯಲ್ಲಿ ಟಿವಿ ರಿಮೋಟಿಗೂ ಅಂಗಿ ಇದೆ, ಫ್ರಿಜ್ಜಿನ ಹಿಡಿಗೂ ಅಂಗಿ ಇದೆ. ಬೈಕಿನ ಸೀಟಿಗೆ ಶೋರೂಮಿನವರು ಸುತ್ತಿಕೊಟ್ಟ ಪ್ಲಾಸ್ಟಿಕ್ಕು ವರ್ಷಗಟ್ಟಲೆ ಹಾಗೇ ಇತ್ತು. ಬಿಸಿಲಿನಲ್ಲಿ ತೊಡೆ ಸುಟ್ಟು ಸುಟ್ಟು ಒಂದು ದಿನ ರೇಗಿ ಕಿತ್ತೆಸೆದೆ, ಹೆಂಡತಿ ಎರಡು ದಿನ ಮಾತು ಬಿಟ್ಟಳು. ಸಾಮಾನು ಇರುವುದು ಬಳಸುವುದಕ್ಕೋ, ಬಾಣಂತಿಯ ಹಾಗೆ ಹೊದಿಸಿ ಮಲಗಿಸುವುದಕ್ಕೋ?

ಈ ಹೊದಿಕೆ ರೋಗವನ್ನು ಮನೆಗೆ ತಂದವನು ನನ್ನ ಭಾಮೈದ. ಕೆ.ಆರ್. ನಗರದಲ್ಲಿ ಅವನದೊಂದು ಮೊಬೈಲ್ ಕವರಿನ ಅಂಗಡಿ. ಬೆಳಗಿನಿಂದ ಸಂಜೆತನಕ ಗಾಜಿನ ಮೇಲೆ ಇನ್ನೊಂದು ಗಾಜು ಅಂಟಿಸಿ, ಗುಳ್ಳೆ ಬಂತಾ ಅಂತ ಉಜ್ಜಿ ನೋಡುವುದೇ ಅವನ ದುಡಿಮೆ. ಅದನ್ನೂ ದುಡಿಮೆ ಅನ್ನುವವರನ್ನು ಒಂದು ದಿನದ ಮಟ್ಟಿಗೆ ಗುರುಪುರದ ಪಕ್ಕದ ನಮ್ಮ ಹೊಲಕ್ಕೆ ಕರೆತಂದು ಹೊಗೆಸೊಪ್ಪು ಮುರಿಸಬೇಕು.

ನನ್ನ ಮಗಳಿಗೆ ಹದಿನಾರು ವರ್ಷ, ಹುಣಸೂರಿನಲ್ಲಿ ಪಿಯುಸಿ. ಮೊಬೈಲು ಕೊಡಿಸುವುದಿಲ್ಲ ಅಂತ ನಾನು ಹಟ ಹಿಡಿದಿದ್ದೆ, ಅವಳೂ ಕೇಳಲಿಲ್ಲ. ಅವಳಿಗೆ ಇದ್ದದ್ದು ಹಾಡು ಕೇಳುವ, ಬೆಂಕಿಪೊಟ್ಟಣದಷ್ಟಿದ್ದ ಒಂದು ಎಂಪಿತ್ರೀ. ಹುಣಸೂರಿನಲ್ಲಿ ಅವಳಿಗೆ ಸಂಗೀತ ಹೇಳಿಕೊಡುತ್ತಿದ್ದ ಮೇಡಂ ವಯಸ್ಸಾಯಿತೆಂದು ತಮ್ಮ ಮಗನ ಮನೆಗೆ, ಎನ್. ಬೇಗೂರಿಗೆ ಹೊರಟರು. ಹೊರಡುವ ಮುಂಚೆ ಸಂಗೀತದ ಜೂನಿಯರ್ ಪರೀಕ್ಷೆಯ ಪಾಠಗಳನ್ನೆಲ್ಲ ಒಂದೊಂದಾಗಿ ಹಾಡಿ ಆ ಎಂಪಿತ್ರೀಗೆ ತುಂಬಿಸಿ ಕೊಟ್ಟಿದ್ದರು. ಅದರ ನಕಲು ಬೇರೆಲ್ಲೂ ಇರಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿತ್ತು, ಅವಳಿಗಿದ್ದ ಗುರು ಎಂದರೆ ಅದೊಂದೇ.

ಸಂಗೀತವೂ ನನಗೆ ಅಷ್ಟಕ್ಕಷ್ಟೇ. ಒಂದೇ ಸಾಲನ್ನು ಮೂವತ್ತು ಸಲ ಎಳೆಯುವುದರಲ್ಲಿ ಏನು ಸುಖವೋ ಕಾಣೆ. ಆದರೆ ಕಿವಿಗೆ ವೈರು ಸಿಕ್ಕಿಸಿಕೊಂಡರೆ ಹುಡುಗಿ ಕೂಲಿ ಹೆಂಗಸರನ್ನೂ ಹಿಂದೆ ಹಾಕಿ ಸೊಪ್ಪು ಮುರಿಯುತ್ತಿದ್ದಳು, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಮಳೆಗಾಲದಲ್ಲಿ ಹೊಲಕ್ಕೆ ಅದನ್ನು ಒಯ್ಯುವುದು ಹೇಗೆ ಅಂತ ಅವಳು ಸೋದರಮಾವನನ್ನು ಕೇಳಿದಳಂತೆ. ಕೇಳಿದ್ದೇ ತಡ, ಮುಂದಿನ ವಾರವೇ ಮಹಾಶಯ ಹಾಜರಾದ.

ತಂದದ್ದು ಗಾಜಿನಂತೆ ಕಾಣುವ, ಮೊಬೈಲೂ ಹಿಡಿಸುವಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಅಂಚಿಗೆ ಬಿಳಿ ರಬ್ಬರಿನ ಪಟ್ಟಿ, ಪಕ್ಕದಲ್ಲಿ ಟಕ್ಕನೆ ಕೂರುವ ಕೊಂಡಿ, ಕೊರಳಿಗೆ ಹಾಕಿಕೊಳ್ಳಲು ದಾರ, ವೈರು ಸಿಕ್ಕಿಸಲು ಹೊರಗಡೆಯೇ ಒಂದು ತೂತು. ಒಳಗೆ ಒಂದು ಚೂರು ಪೇಪರಿಟ್ಟು, ಅಂಗಳದ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ, ಕಾಫಿ ಕುಡಿದು ಬಂದು ತೆಗೆದ. ಪೇಪರು ಒಣಗಿಯೇ ಇತ್ತು.

"ಈಗೇನಂತೀರಿ ಭಾವ?" ಅಂದ. "ಒಂದು ತೊಟ್ಟು ಒಳಿಕ್ಕೆ ಓಗಾಕಿಲ್ಲ ಕಣ್ರೀ. ಆ ರಬ್ಬರ್ ಒಂದು ಕ್ಲೀನಾಗಿದ್ರೆ ಆಯ್ತು."

"ನಿನ್ನ ಮದ್ವೆಗೂ ಇಂತದೊಂದು ಡಬ್ಬಿ ಮಾಡುಸ್ಬೇಕಿತ್ತು ಕಣಯ್ಯ. ಅವತ್ತು ಚಪ್ರ ಸೋರಿ ಊಟದೆಲೆ ಎಲ್ಲಾ ತೇಲೋಯ್ತು," ಅಂದೆ.

ಅವನು ನಕ್ಕ. ಬೈದರೂ ನಗುತ್ತಾನೆ, ಅದೊಂದು ನನಗೆ ಇನ್ನೂ ಸಿಟ್ಟು ಬರಿಸುತ್ತದೆ.

ಡಬ್ಬಿ ಕೊರಳಿಗೆ ಹಾಕಿಕೊಂಡು ಮಗಳು ಮೂರು ವಾರ ಸೊಪ್ಪು ಮುರಿದಳು. ಜಿಟಿಜಿಟಿ ಮಳೆ ಬಿದ್ದರೂ ಅದಕ್ಕೆ ಏನೂ ಆಗಲಿಲ್ಲ. ಒಳ್ಳೆಯದಾಯಿತು ಅಂದುಕೊಳ್ಳುವ ಬದಲು ನಾನು ಅದರಲ್ಲೊಂದು ಕೊಂಕು ಹುಡುಕುತ್ತಿದ್ದೆ. ಒಂದು ಮಧ್ಯಾಹ್ನ ಸೊಪ್ಪನ್ನು ಕಾವಿನಲ್ಲಿ ಒಣಗಿಸಿ ಹದಮಾಡುವ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹತ್ತು ಹನ್ನೆರಡು ಆಳುಗಳು ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಆವತ್ತಿನ ಸೊಪ್ಪೆಲ್ಲ ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಬೇಕು. ಮಗಳು ಹೊರೆ ಇಳಿಸಿ ನಿಂತಳು. ನಾನು ಎದ್ದುಹೋಗಿ ಅವಳ ಎದೆಯ ಮೇಲಿದ್ದ ಡಬ್ಬಿಗೆ ಕೈ ಹಾಕಿದೆ.

"ನೋಡ್ರವ್ವ, ನಮ್ಮಮ್ಮಣ್ಣಿ ತಾಳಿ ನೋಡ್ರಿ," ಅಂದೆ. ಆಳುಗಳು ಗೊಳ್ಳೆಂದರು.

"ಅಪ್ಪ, ಕೈ ತೊಳ್ಕಂಡು ಮುಟ್ಟಪ್ಪ."

"ಓಗೋಗು. ಇದೇ ಕೈ ಅಲ್ವಾ ನಿನ್ನ ಸಾಕಿದ್ದು?"

ಹೊಗೆಸೊಪ್ಪು ಮುರಿದ ಕೈ ಹೇಗಿರುತ್ತದೆ ಅಂತ ನಮ್ಮ ಕಡೆ ಯಾರಿಗೂ ಹೇಳಬೇಕಿಲ್ಲ. ಎಲೆಯ ಮೇಲಿನ ಅಂಟು ಮೊದಲು ಹಸಿರಾಗಿ, ಆಮೇಲೆ ಕಪ್ಪಾಗಿ ಕೂರುತ್ತದೆ. ಸೋಪಿಗೆ ಜಗ್ಗುವುದಿಲ್ಲ, ಮಣ್ಣು ಹಾಕಿ ಉಜ್ಜಿದರೂ ಅರ್ಧ ಉಳಿಯುತ್ತದೆ. ವರ್ಷಕ್ಕೆ ಮೂರು ತಿಂಗಳು ಅದು ನಮ್ಮ ಚರ್ಮವೇ ಆಗಿರುವುದರಿಂದ ಅದು ಕೈಗಂಟಿದೆ ಅನ್ನುವುದೇ ಮರೆತುಹೋಗಿರುತ್ತದೆ. ನಾನು ಕೊಂಡಿ ಎತ್ತಿ, ಮುಚ್ಚಳ ತೆರೆದು, ಎಂಪಿತ್ರೀಯನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿ, ಮತ್ತೆ ಒಳಗಿಟ್ಟು ಒತ್ತಿ ಮುಚ್ಚಿದೆ. ಟಕ್ ಅಂದಿತು.

ಸಂಜೆ ಹೊತ್ತಿಗೆ ವೀರನಹೊಸಹಳ್ಳಿ ಕಾಡಿನ ಕಡೆಯಿಂದ ಮೋಡ ಎದ್ದು ಬಂತು. ಕೊನೆಯ ಹೊರೆ ತಲೆಮೇಲೆ ಹೊತ್ತು ಮಗಳು ಬರುವಷ್ಟರಲ್ಲಿ ಸೊಪ್ಪಿನಿಂದ ಇಳಿದ ನೀರೆಲ್ಲ ಅವಳ ಕೊರಳಿನ ಮೇಲೇ ಹರಿದಿತ್ತು. ಚಪ್ಪರಕ್ಕೆ ಬಂದು ಕಿವಿಯ ವೈರು ತೆಗೆದಳು. "ನಿಂತೋಯ್ತು," ಅಂದಳು, ಅಷ್ಟೇ. ಡಬ್ಬಿ ತೆರೆದರೆ ಒಳಗೆ ಅರ್ಧ ಲೋಟ ನೀರು.

ಅಲ್ಲೇ, ಆಳುಗಳ ಎದುರಿಗೇ, ಭಾಮೈದನಿಗೆ ಫೋನ್ ಹಚ್ಚಿದೆ. ನಾನು ಅವತ್ತು ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಪ್ಲಾಸ್ಟಿಕ್ ಮಾರಿ ಬದುಕುವವನ ಮಾತೂ ಪ್ಲಾಸ್ಟಿಕ್ಕೇ ಅಂದೆ. ಬಕೆಟ್ಟಿನ ನೀರಿಗೆ ಮಾತ್ರ ಆಗುವ ಡಬ್ಬಿಯನ್ನು ಬಕೆಟ್ಟಿಗೇ ಮಾರು ಅಂದೆ. ಕೊನೆಗೆ, ನನ್ನ ಮಗಳ ಓದು ಹಾಳುಮಾಡಿದೆ ಅಂತಲೂ ಅಂದೆ. ಆ ಕಡೆಯಿಂದ ನಗು ಬರಲಿಲ್ಲ. "ತಪ್ಪಾಯ್ತು ಭಾವ," ಅಂದ. ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು. ಮಗಳು ಒಂದು ಮೂಲೆಯಲ್ಲಿ ಡಬ್ಬಿಯ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತಿದ್ದಳು.

ಎಂಪಿತ್ರೀಯನ್ನು ಎರಡು ದಿನ ಬ್ಯಾರನ್ನಿನ ಬಾಗಿಲ ಪಕ್ಕ ಬೆಚ್ಚಗೆ ತೂಗುಹಾಕಿದೆವು. ಅದು ಮತ್ತೆ ಉಸಿರೆತ್ತಲಿಲ್ಲ. ಹುಣಸೂರಿನ ರಿಪೇರಿಯವನು ಬಿಚ್ಚಿ ನೋಡಿ ತಲೆಯಾಡಿಸಿದ. ಈ ಸಲ ಪರೀಕ್ಷೆ ಕಟ್ಟುವುದಿಲ್ಲ ಅಂತ ಮಗಳು ತಾನೇ ಹೇಳಿದಳು, ಅಳಲಿಲ್ಲ. ಆಮೇಲಿಂದ ಪ್ರತಿ ಭಾನುವಾರ ಬೆಳಗ್ಗೆ ಒಂದು ಬಸ್ಸು ಹತ್ತಿ ಎಚ್.ಡಿ. ಕೋಟೆಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬೇಗೂರಿಗೆ ಹೋಗಿ, ಮೇಡಮ್ಮನ ಮುಂದೆ ಒಂದು ಗಂಟೆ ಕೂತು ಬರತೊಡಗಿದಳು. ಸೊಪ್ಪು ಹಣ್ಣಾಗಿ ನಿಂತಿರುವ ಕಾಲದಲ್ಲಿ ಭಾನುವಾರವೆಲ್ಲ ಬಸ್ಸಿನ ಪಾಲು ಅಂತ ನಾನು ಗೊಣಗುತ್ತಿದ್ದೆ. ತಪ್ಪು ಯಾರದು ಅಂದರೆ ಭಾಮೈದನ ಹೆಸರು ಬಾಯಲ್ಲೇ ಇರುತ್ತಿತ್ತು.

ಒಂದು ಭಾನುವಾರ ಅವಳು ಹೋದ ಮೇಲೆ ಜೋರು ಮಳೆ. ನಾನು ಹೊಲಕ್ಕೆ ಹೊರಡಬೇಕು, ಜೇಬಿನಲ್ಲಿ ಫೋನು. ಗೋಡೆಯ ಮೊಳೆಗೆ ಆ ಡಬ್ಬಿ ನೇತಾಡುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಅದನ್ನು ತೆಗೆದೆ. ಹೌದು, ಅದೇ ಡಬ್ಬಿಯನ್ನು, ನನ್ನ ಫೋನಿಗೆ. ಹೊಸ್ತಿಲ ಬೆಳಕಿಗೆ ಹಿಡಿದು ಕೊಂಡಿ ಎತ್ತಿದೆ. ಬಿಳಿ ರಬ್ಬರಿನ ಒಂದು ಕಡೆ, ಬೆರಳಗಲ, ಕಪ್ಪಗೆ ಅಂಟು ಮೆತ್ತಿ ಗಟ್ಟಿಯಾಗಿತ್ತು. ಅಷ್ಟು ಜಾಗದಲ್ಲಿ ಪಟ್ಟಿ ಮುದುರಿ ಮೇಲಕ್ಕೆದ್ದಿತ್ತು. ಅಂಟು ಅಲ್ಲಿಂದ ಮುಚ್ಚಳದ ಒಳಮೈಗೂ ಹತ್ತಿತ್ತು. ಅಲ್ಲಿ ಒಂದು ಹೆಬ್ಬೆರಳಿನ ಗುರುತು, ಗುರುತಿನ ಮೇಲೆ ಓರೆಯಾಗಿ ಒಂದು ಗೆರೆ. ನನ್ನ ಬಲಗೈ ಹೆಬ್ಬೆರಳಿಗೆ ಕುಡುಗೋಲು ತಾಗಿದ ಕಲೆ ಇದೆ, ಓರೆಯಾಗಿಯೇ.

ಆವತ್ತು ನಾನು ಹೊಲಕ್ಕೆ ಹೋಗಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಸಂಜೆ ಬಸ್ಸಿಳಿದು ನೆನೆದುಕೊಂಡು ಬಂದ ಮಗಳ ಮುಂದೆ ಡಬ್ಬಿ ಇಟ್ಟೆ.

"ಇದ ನೋಡಿದ್ಯಾ ನೀನು?"

"ಅವತ್ತೇ ನೋಡ್ದೆ ಕಣಪ್ಪ."

"ಮತ್ಯಾಕವ್ವ ಯೋಳ್ನಿಲ್ಲ? ನಿಮ್ ಮಾವಂಗೆ ಅಂಗೆಲ್ಲ ಬೈತಿದ್ನಲ್ಲ ನಾನು."

"ಆಳುಗಳೆಲ್ಲ ನಿಂತಿದ್ರಲ್ಲಪ್ಪ." ಅವಳು ಸೆರಗಿನಂತೆ ಹೊದ್ದಿದ್ದ ಟವೆಲ್ಲು ತೆಗೆದು ಹಿಂಡಿದಳು. "ಮಾವಂಗೆ ಮಾತ್ರ ಆಮೇಲೆ ಯೋಳ್ದೆ."

"ಅವ್ನೇನಂದ?"

"'ಭಾವಂಗೆ ಗೊತ್ತಾದ್ರೆ ಬೇಜಾರ್ ಮಾಡ್ಕತಾರೆ, ಸುಮ್ನಿದ್ದುಬುಡು ಮಗ' ಅಂದ್ರು."

ಅಷ್ಟು ಹೇಳಿ ಅವಳು ಕೈಕಾಲು ತೊಳೆಯಲು ಹೋದಳು. ಫೋನು ನನ್ನ ಕೈಯಲ್ಲೇ ಇತ್ತು. ಕೆ.ಆರ್. ನಗರದ ಆ ನಂಬರು ಒತ್ತುವುದಕ್ಕೆ ಆವತ್ತು ನನಗೆ ಮುಖವಿರಲಿಲ್ಲ.