ಕೂರದೆ ಓದುತ್ತಿದ್ದ ಸೀನಿಯರ್

ನವರಂಗಪುರದ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದ ಧಾರವಾಡದ ಸೀನಿಯರ್ ಬೇರೆ ಬೇರೆ ದೇಶಗಳ ರಾಜಕೀಯವನ್ನು ಹೋಲಿಸಿ ಪಿಎಚ್‌ಡಿ ಮಾಡುತ್ತಿದ್ದರು. ಅವರು ಕೂತು ಓದಿದ್ದನ್ನು ನಾನು ನೋಡಿಲ್ಲ. ಪುಸ್ತಕ ಹಿಡಿದು ಬಾಗಿಲಿನಿಂದ ಬಾಲ್ಕನಿಗೆ, ಚಿಲಿಯಿಂದ ಘಾನಾಕ್ಕೆ ನಡೆಯುತ್ತಲೇ ಇರುತ್ತಿದ್ದರು. ಸಾರು ಚೆನ್ನಾಗಿದೆ ಎಂದರೂ "ಯಾವುದಕ್ಕ ಹೋಲಿಸಿ?" ಎನ್ನುತ್ತಿದ್ದರು.

ನನ್ನ ಡೈರಿಯ ಪ್ರಕಾರ ಅದೊಂದು ಭಾನುವಾರ. ನಮ್ಮ ವಸತಿ ಸೊಸೈಟಿಯ ಚೇರ್ಮನ್ ಕಾಕಾ ಬಂದು, ನಮ್ಮ ಕಾಲ್ಸಪ್ಪಳದಿಂದ ಕೆಳಗಿನವರಿಗೆ ನಿದ್ದೆಯಿಲ್ಲ, ಮನೆ ಖಾಲಿ ಮಾಡಿ ಎಂದು ಗದರಿದರು.

"ಕಿಸ್‌ಕೇ ಮುಕಾಬಲೇ, ಯಾರಿಗೆ ಹೋಲಿಸಿ, ಕಾಕಾ? ಪಕ್ಕದ ಸಂಸಾರದ ಸಪ್ಪಳವನ್ನೂ ಕೆಳಗಿನಿಂದ ಕೇಳಿ" ಎಂದ ಸೀನಿಯರ್ ನನ್ನತ್ತ ತಿರುಗಿ, "ನನ್ನಂಗ ನಡೀಲೇ" ಎಂದು ಹೇಳಿ, ನನ್ನನ್ನು ಮೇಲೆಯೇ ಬಿಟ್ಟು ಕಾಕಾನನ್ನು ಕೆಳಗಿನ ಮನೆಗೆ ಕರೆದೊಯ್ದರು.

ಮನೆ ಉಳಿಯಲೆಂದು ನಾನು ತುದಿಗಾಲಲ್ಲಿ ನಡೆದೆ. ಏನೂ ಕೇಳಿಸದ ಕಾಕಾ ಸಮಾಧಾನದಿಂದ ಹೊರಟರು. ಸೀನಿಯರ್ ಮಾತ್ರ ಕೆಂಡವಾಗಿ ಮೇಲೆ ಬಂದರು.

"ಬೆಕ್ಕಿನಂಗ ನಡದರ ಹೋಲಿಕಿ ಹೆಂಗಾಗತದಲೇ?"

ಕಾಕಾನನ್ನು ಮತ್ತೆ ಕರೆತಂದು, ಕೆಳಗೆ ಕೂರಿಸಿ, ಈ ಸಲ ತಾವೇ ನಡೆದರು. ಪಕ್ಕದ ಮನೆಯ ಸಪ್ಪಳ ಕೇಳುವುದಕ್ಕೆ ಕಾಕಾ ಕಾಯಲಿಲ್ಲ.

ಮುಂದಿನ ತಿಂಗಳು ಅದೇ ಊರಿನ ಮಣಿನಗರದಲ್ಲಿ ನೆಲಮಹಡಿಯ ಮನೆ ಹಿಡಿದೆವು. "ಸದ್ಯ, ಇಲ್ಲಿ ಕೆಳಗೆ ಯಾರೂ ಇಲ್ಲ" ಎಂದೆ. ನಡೆಯುತ್ತಿದ್ದವರು ಥಟ್ಟನೆ ನಿಂತು ಕತ್ತೆತ್ತಿದರು.

"ಮ್ಯಾಲಿನವ ನನ್ನಕಿಂತ ಜೋರು ನಡೀತಾನಲೇ. ಕಾಕಾಗ ಇದನ್ನ ಕೇಳಸಬೇಕಿತ್ತು."